ಮ್ಯಾಂಚೆಸ್ಟರಿನಿಂದ ಪತ್ರ: ರೇಡಿಯೋ ಕೇಳಿದ ಸಂಜೆ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವಿಬ್ಬರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ.

ಮೊನ್ನೆ ಶನಿವಾರ ಇಲ್ಲಿನ ಲೈಬ್ರರಿಯಲ್ಲಿ ಹಳೆಯ ರೇಡಿಯೋ ಕಾರ್ಯಕ್ರಮಗಳನ್ನು ಎಲ್ಲರೂ ಕೂತು ಕೇಳುವ ಏರ್ಪಾಡಿತ್ತು. ಪರದೆ ಇಲ್ಲ, ವೇದಿಕೆ ಇಲ್ಲ. ಒಂದಿಷ್ಟು ಕುರ್ಚಿ, ಎರಡು ಸ್ಪೀಕರ್, ಅಷ್ಟೇ. ಭಾಷಣ, ಕವಿತೆ, ಸಂಗೀತ, ಕೊನೆಗೆ ನಾಟಕ. ಬಿಬಿಸಿಯ ‘ಥರ್ಡ್ ಪ್ರೋಗ್ರಾಮ್’ ಅನ್ನೋ ವಾಹಿನಿಯಲ್ಲಿ ಆಗ ಇವೆಲ್ಲ ಒಂದೇ ಸಂಜೆಯಲ್ಲಿ ಸಿಗುತ್ತಿದ್ದವು.

ಅಪ್ಪ, ಇದರ ಕಥೆ ನಿಮಗೆ ಇಷ್ಟವಾಗುತ್ತದೆ. ಅದು ಶುರುವಾದದ್ದು 1946ರ ಸೆಪ್ಟೆಂಬರ್ 29ರಂದು. ಯುದ್ಧ ಮುಗಿದಿತ್ತು, ಆದರೆ ಇಲ್ಲಿ ಬ್ರೆಡ್ಡಿಗೂ ರೇಷನ್. ಅಂಥ ಕಾಲದಲ್ಲಿ ಸಂಜೆ 6ರಿಂದ ನಡುರಾತ್ರಿವರೆಗೆ ಬರೀ ಸಾಹಿತ್ಯ, ಸಂಗೀತ, ವಿಚಾರ! ಗಂಟೆಯಾಯಿತು ಅಂತ ನಾಟಕವನ್ನು ಕತ್ತರಿಸುತ್ತಿರಲಿಲ್ಲ. ಮುಗಿಯುವವರೆಗೆ ಬಿಡುತ್ತಿದ್ದರು. ಮರುವರ್ಷದ ಚಳಿಗಾಲದಲ್ಲಿ ಕಲ್ಲಿದ್ದಲಿಗೆ ತತ್ವಾರವಾಗಿ ಕೆಲವು ದಿನ ನಿಲ್ಲಿಸಬೇಕಾಯಿತು. ಆಮೇಲೆ ಮತ್ತೆ ಶುರು.

ನಾನು ಹೋಗಿದ್ದು ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ಭಾಷಣಕ್ಕಾಗಿ. ಅವರು ಇದೇ ಊರಿನಲ್ಲಿ ಕೆಲಸ ಮಾಡುತ್ತಿದ್ದವರು ಅಲ್ವಾ? ಕಂಪ್ಯೂಟರ್ ಯೋಚಿಸಬಲ್ಲದೇ ಅಂತ 1951ರ ಮೇ ತಿಂಗಳಲ್ಲಿ ರೇಡಿಯೋದಲ್ಲಿ ಮಾತಾಡಿದ್ದರು. ಅವರ ದನಿ ಉಳಿದಿಲ್ಲ, ಬರಹ ಮಾತ್ರ ಉಳಿದಿದೆ. ಅದನ್ನೇ ಒಬ್ಬ ಮೇಷ್ಟ್ರು ಓದಿದರು. ಕೆಲಸ ಮುಗಿಸಿ ಬಂದು ಸಂಜೆ ಮನೆಯಲ್ಲಿ ಕೂತವರಿಗೆ ಇಂಥ ಪ್ರಶ್ನೆ ಕೇಳಿದ್ದಾರಲ್ಲ! ಜನಕ್ಕೆ ಅರ್ಥವಾಗುತ್ತದೆ ಅನ್ನೋ ಆ ನಂಬಿಕೆ ನನಗೆ ತುಂಬ ಹಿಡಿಸಿತು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ನಾಟಕ. ವೇಲ್ಸಿನ ಕವಿ ಡಿಲನ್ ಥಾಮಸ್ ಬರೆದ ‘ಅಂಡರ್ ಮಿಲ್ಕ್ ವುಡ್’. ಅವರು ಇದರ ಹಸ್ತಪ್ರತಿಯನ್ನೇ ಲಂಡನ್ನಿನಲ್ಲಿ ಎಲ್ಲೋ ಬಿಟ್ಟುಬಿಟ್ಟಿದ್ದರು. ಸಿಕ್ಕರೆ ನೀನೇ ಇಟ್ಟುಕೋ ಅಂತ ನಿರ್ಮಾಪಕರಿಗೆ ಹೇಳಿ ಅಮೆರಿಕಕ್ಕೆ ಹೋದರು. ಕೊನೆಗೆ ಅದು ಒಂದು ಪಬ್ಬಿನಲ್ಲಿ ಸಿಕ್ಕಿತು. 1954ರ ಜನವರಿ 25ರಂದು ನಾಟಕ ಪ್ರಸಾರವಾದಾಗ ಕೇಳಲು ಕವಿಯೇ ಇರಲಿಲ್ಲ. ಹಿಂದಿನ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದರು, 39ನೇ ವಯಸ್ಸಿಗೆ.

ವೇಲ್ಸಿನ ಕಡಲಂಚಿನ ಒಂದು ಪುಟ್ಟ ಊರು. ಅಲ್ಲಿ ಒಂದು ರಾತ್ರಿ, ಒಂದು ಹಗಲು. ಕಥೆ ಅಂತ ಹೇಳಿಕೊಳ್ಳುವಂಥದ್ದು ಏನಿಲ್ಲ. ಮಲಗಿದವರ ಕನಸುಗಳೇ ಮಾತಾಡುತ್ತವೆ. ಕ್ಯಾಪ್ಟನ್ ಕ್ಯಾಟ್ ಅಂತ ಒಬ್ಬ ಮುದುಕ ನಾವಿಕ ಬರುತ್ತಾನೆ, ಕಣ್ಣು ಕಾಣದವನು. ಕಿಟಕಿ ಹತ್ತಿರ ಕೂತು, ಹೆಜ್ಜೆ ಸದ್ದಿನಲ್ಲೇ ಬೀದಿಯಲ್ಲಿ ಯಾರು ಹೋದರು ಅಂತ ಹೇಳುತ್ತಾನೆ. ನಾವೂ ಆ ಕೋಣೆಯಲ್ಲಿ ಮಾಡುತ್ತಿದ್ದದ್ದು ಅದನ್ನೇ. ಕಡಲಲ್ಲಿ ಸತ್ತ ಗೆಳೆಯರು ಅವನ ಕನಸಿಗೆ ಬಂದು, ಮೇಲೆ ಹೇಗಿದೆ ಅಂತ ಬದುಕಿನ ಸಣ್ಣ ಸಣ್ಣ ಸುದ್ದಿ ಕೇಳುತ್ತಾರೆ. ನನಗೆ ಕಣ್ಣು ತುಂಬಿ ಬಂತು ಅಮ್ಮ.

ಟ್ಯೂರಿಂಗ್‌ಗೆ ಅಂತ ಹೋದವಳು ನಾಟಕಕ್ಕೆ ಮರುಳಾದೆ. ಎಲ್ಲವನ್ನೂ ಒಂದೇ ಸಂಜೆಗೆ ಸೇರಿಸಿದ್ದರಿಂದ ಹೀಗಾಯಿತು. ಫೋನಿನಲ್ಲಿ ನಾವು ಹುಡುಕುವುದು ನಮಗೆ ಮೊದಲೇ ಗೊತ್ತಿರುವುದನ್ನೇ. 1957ರಲ್ಲಿ ಕೇಳುವವರು ಕಮ್ಮಿ ಅಂತ ಥರ್ಡ್ ಪ್ರೋಗ್ರಾಮಿನ ಅವಧಿ ಕತ್ತರಿಸಿದರು. ಕವಿ ಎಲಿಯಟ್, ಸಂಗೀತಗಾರ ವಾನ್ ವಿಲಿಯಮ್ಸ್ ಅಂಥವರೇ ವಿರೋಧಿಸಿದರೂ ಪ್ರಯೋಜನವಾಗಲಿಲ್ಲ. 1970ರಲ್ಲಿ ಆ ಹೆಸರೂ ಹೋಯಿತು, ಬಿಬಿಸಿಯ ರೇಡಿಯೋ 3 ಅನ್ನೋ ವಾಹಿನಿ ಉಳಿಯಿತು. ಕಮ್ಮಿ ಜನ ಕೇಳುತ್ತಾರೆ ಅನ್ನುವುದು ಇಂಥದ್ದನ್ನು ಮೊಟಕು ಮಾಡಲು ಕಾರಣವೇ ಅಲ್ಲ ಅನ್ನುತ್ತೇನೆ ನಾನು.

ನಾಟಕದ ಲಿಂಕ್ ಕಳಿಸುತ್ತೇನೆ. ನಟ ರಿಚರ್ಡ್ ಬರ್ಟನ್ ದನಿ ಇರುವುದನ್ನೇ ಕೇಳಿ. ಮೊದಮೊದಲು ಎಲ್ಲ ಮಾತೂ ತಿಳಿಯಲಿಕ್ಕಿಲ್ಲ, ಸುಮ್ನೆ ಕೇಳುತ್ತಾ ಹೋಗಿ. ಅಮ್ಮ, ಕ್ಯಾಪ್ಟನ್ ಬಗ್ಗೆ ನಿನಗೆ ಏನನ್ನಿಸಿತು ಅಂತ ಭಾನುವಾರ ಹೇಳಬೇಕು.

ನಿಮ್ಮ ಪ್ರೀತಿಯ ಮಗಳು