ಪಟ್ಟಿ ಕಳಚುವ ಮುನ್ನ

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿ ಗಾಬರಿಯಾಯಿತು. ಹಳೆಯ ಪಿಕಪ್ ಹಿಂದೆ ಎತ್ತಿ ಕುಕ್ಕುತ್ತದೆಂದು ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು) ಎರಡು ಪಟ್ಟಿ ತೆಗೆಸಲು ಹೊರಟಿದ್ದೀಯಲ್ಲ, ದಯವಿಟ್ಟು ಒಂದು ವಾರ ತಡೆ. ಪಟ್ಟಿ ತೆಗೆದರೆ ಮೆತ್ತಗಾಗುವುದು ನಿಜ, ಆದರೆ ಭಾರ ಹೊರುವ ಶಕ್ತಿಯೂ ಅದರ ಜೊತೆಗೇ ಹೋಗುತ್ತದೆ. ಹೊರೆ ಬಿದ್ದಾಗ ಆಕ್ಸಲ್ ಮೇಲೆದ್ದು ಬಂಪ್ ಸ್ಟಾಪ್‌ಗೆ (ಅದು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ತಾಗದಂತೆ ತಡೆಯುವ ರಬ್ಬರ್ ತುಂಡು) ಬಡಿಯತೊಡಗಿದರೆ ಈಗಿನ ಕುಕ್ಕಾಟವೇ ವಾಸಿ ಎನಿಸೀತು.

ಖಾಲಿ ಪಿಕಪ್ ತುಸು ಕುಕ್ಕುವುದು ಸಹಜ. ಅದರ ಹಿಂದಿನ ಸ್ಪ್ರಿಂಗ್ ಮಾಡಿರುವುದೇ ಹೊರೆಗೆ. ನೀನು ಬರೆದಿರುವುದು ಮಾತ್ರ ಬೇರೆ. ಸಣ್ಣ ಗುಂಡಿಗೂ ನಡುವಿಗೆ ಸುತ್ತಿಗೆ ಪೆಟ್ಟು! ನನ್ನ ಗಾಡಿಯೂ ಹಾಗೇ ಇತ್ತು. ಟಾರ್ಚ್ ಹಿಡಿದು ಕೆಳಗೆ ಮಲಗಿದಾಗ ಕಾರಣ ಕಂಡಿತು: ಸ್ಪ್ರಿಂಗ್ ಅಲುಗುತ್ತಲೇ ಇರಲಿಲ್ಲ.

ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಅದಕ್ಕೆ ಜಾಗ ಕೊಡಲೆಂದೇ ಒಂದು ತುದಿಗೆ ತೂಗಾಡುವ ಕೊಂಡಿ, ಅಂದರೆ ಶ್ಯಾಕಲ್, ಇರುವುದು. ನನ್ನದರಲ್ಲಿ ಅದರ ಬೋಲ್ಟು ತುಕ್ಕು ಹಿಡಿದು ಬುಷ್‌ನೊಳಗೆ (ಬೋಲ್ಟಿನ ಸುತ್ತ ಕೂರುವ ಕೊಳವೆ) ಕಚ್ಚಿಕೊಂಡಿತ್ತು. ಪಟ್ಟಿಗಳ ತುದಿಯ ಪ್ಲಾಸ್ಟಿಕ್ ಪ್ಯಾಡುಗಳು ಸವೆದು ಮಾಯವಾಗಿ, ಕೆಳಗಿನ ಪಟ್ಟಿಯ ತುದಿ ಮೇಲಿನದನ್ನು ಕೊರೆದು ಬೆರಳು ಕೂರುವಷ್ಟು ಗುಳಿ ಮಾಡಿತ್ತು. ನಡುವೆಲ್ಲ ತುಕ್ಕಿನ ಚಕ್ಕೆ. ಸಲೀಸಾಗಿ ಜಾರುವ 2 ಪಟ್ಟಿಗಳ ಬಿಗಿ ಒಂದು ಪಟ್ಟಿಯ ಇಮ್ಮಡಿ. ಅವೆರಡೂ ಪೂರ್ತಿ ಬೆಸೆದು ಒಂದೇ ಆದರೆ ಒಂದು ಪಟ್ಟಿಯ 8 ಪಟ್ಟು. ಇಂಥದ್ದರಲ್ಲಿ ಪಟ್ಟಿ ಕಳಚಿ ಏನು ಪ್ರಯೋಜನ ಹೇಳು!

ಮೊದಲು ಟೈರಿನ ಗಾಳಿ ನೋಡು. ಖಾಲಿ ಗಾಡಿಗೂ ಹೊರೆಗೂ ಬೇರೆ ಬೇರೆ ಒತ್ತಡ ಸೂಚಿಸಿದ್ದರೆ ಹಾಗೇ ಬದಲಿಸು, ಅದಕ್ಕಿಂತ ಕಡಿಮೆ ಮಾತ್ರ ಬೇಡ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಎರಡೂ ಕಡೆಯದನ್ನು ಬದಲಿಸು.

ಸ್ಪ್ರಿಂಗ್ ಬಿಚ್ಚುವುದಾದರೆ ಬರೀ ಜಾಕ್ ನಂಬಿ ಕೆಳಗೆ ಹೋಗಬೇಡ, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡು. ಪಟ್ಟಿಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಪಟ್ಟಿಗಳನ್ನು ಕ್ಲಾಂಪಿನಲ್ಲಿ ಬಿಗಿ, ಇಲ್ಲವಾದರೆ ಸಿಡಿಯುತ್ತವೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸ ಪ್ಯಾಡು, ಹೊಸ ಬುಷ್ ಹಾಕಿಸು. ರಬ್ಬರ್ ಬುಷ್‌ಗೆ ಮಾಮೂಲಿ ಗ್ರೀಸ್ ಹಚ್ಚಬೇಡ, ಉಬ್ಬಿ ಹಾಳಾಗುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳೂ ಹೊಸವೇ ಇರಲಿ. ಒಂದು ಮಾತು ಮರೆಯಬೇಡ: ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿತ ಚಕ್ರ ನೆಲಕ್ಕಿಳಿದ ಮೇಲೆ. ಗಾಡಿ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇವತ್ತೇ ಒಂದು ಪರೀಕ್ಷೆ ಮಾಡು. ಶ್ಯಾಕಲ್ ಮತ್ತು ಅದು ತೂಗುವ ಬ್ರಾಕೆಟ್ ಎರಡರ ಮೇಲೂ ಹಾಯುವಂತೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆ. ಹಿಂದೆ ನಾಲ್ಕು ಜನರನ್ನು ಕೂರಿಸು. ಶ್ಯಾಕಲ್ ಅಲುಗಿ ಗೆರೆ ಎರಡಾಯಿತೋ, ಕಚ್ಚಿಕೊಂಡು ಹಾಗೇ ಉಳಿಯಿತೋ ಎಂದು ರಾತ್ರಿಯೊಳಗೆ ಬರೆ.

ನಿನ್ನ ಗೆಳೆಯ