ಟಾಂಜಾನಿಯಾಕ್ಕೆ ಹೊರಟಿರುವ ಸದಸ್ಯರ ಗಮನಕ್ಕೆ

ಆತ್ಮೀಯರೇ,

ಸ್ವಯಂಸೇವೆಗಾಗಿ ಮುಂಬಯಿಯಿಂದ ದಾರ್ ಎಸ್ ಸಲಾಮ್‌ಗೆ ಹೊರಟಿರುವ ತಾವು ಅಲ್ಲಿ ಕನ್ನಡಿಗರಷ್ಟೇ ಒಟ್ಟಿಗೆ ಕೂರದೆ, ಬೇರೆ ದೇಶಗಳಿಂದ ಬಂದ ಇಂಟರ್ನ್‌ಗಳೊಂದಿಗೂ ಊಟ, ಓಡಾಟಗಳಲ್ಲಿ ಬೆರೆಯಬೇಕೆಂದು ಕೋರುತ್ತೇವೆ. ಆತಿಥೇಯರ ಮನೆಯ ಹಿರಿಯರಿಗೆ ‘ಶಿಕಾಮೂ’ ಎಂದು ವಂದಿಸಿ, ಅವರು ‘ಮರಹಬಾ’ ಎಂದು ಉತ್ತರಿಸಿದ ಮೇಲೆ ಸಾವಧಾನವಾಗಿ ಮನೆಮಂದಿಯ ಕುಶಲ ವಿಚಾರಿಸುವುದು ಅಲ್ಲಿನ ಮರ್ಯಾದೆ; ನಮ್ಮ ಅಭಿಪ್ರಾಯದಲ್ಲಿ ಬಾಂಧವ್ಯ ಬೆಳೆಯುವುದು ಮುಖ್ಯವಾಗಿ ಇದರಿಂದಲೇ. ಸ್ವಾಹಿಲಿ ರೂಢಿಯಲ್ಲಿ ಗಂಟೆಗಳ ಎಣಿಕೆ ಬೆಳಗಿನ 6ರಿಂದ ಆರಂಭವಾಗುವುದರಿಂದ, ಅವರು ‘ಬೆಳಿಗ್ಗೆ ಎರಡಕ್ಕೆ ಬನ್ನಿ’ ಎಂದರೆ ಅದು ನಮ್ಮ ಲೆಕ್ಕದಲ್ಲಿ 8 ಗಂಟೆ ಎಂಬುದನ್ನು ದಯವಿಟ್ಟು ನೆನಪಿಡಿ. ಬಲಗೈಯಲ್ಲಿ ಮುರಿದು ತಿನ್ನುವ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ರಾಗಿಮುದ್ದೆ ಉಂಡವರಿಗೆ ಹೊಸದೆನಿಸದು. ಸಸ್ಯಾಹಾರಿಗಳು ಆ ವಿಷಯವನ್ನು ಆತಿಥೇಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ಮನೆಯ ಮಕ್ಕಳ ಫೋಟೋಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಈ ಗುಂಪಿಗೆ ಖಂಡಿತ ಕಳುಹಿಸಬಾರದು. ಉಳಿದ ಪ್ರಶ್ನೆಗಳನ್ನು ಭಾನುವಾರ ಮಾಟುಂಗಾದ ಸಭೆಯಲ್ಲಿ ಕೇಳಬಹುದು.

– ಸಂಚಾಲಕರು