ಪಿನ್ನು ಚುಚ್ಚಗೊಡದ ತಮ್ಮನಿಗೆ

ಎಸ್.ಪಿ. ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯ ತಮ್ಮನಿಗೆ ಧನ್ಯವಾದ. ಹೆಸರು ಕೇಳುವುದೇ ಮರೆತುಹೋಯಿತು.

ಮಧ್ಯಾಹ್ನ ಫೋನಿನಲ್ಲೇ ಸಂದರ್ಶನವಿತ್ತು, ಆದರೆ ಕರೆ ಮಾಡಿದರೆ ಆ ಕಡೆಯವರಿಗೆ ನನ್ನ ದನಿ ಕೇಳುತ್ತಿರಲಿಲ್ಲ. ಆತ ಮೊದಲು ಬ್ಲೂಟೂತ್ ಆಫ್ ಮಾಡಿ, ರೆಕಾರ್ಡರ್‌ನಲ್ಲಿ 10 ಸೆಕೆಂಡ್ ಮಾತಾಡಿಸಿದ. ಬಾವಿಯೊಳಗಿಂದ ಬಂದಂಥ ಸದ್ದು. ಆಮೇಲೆ ವಿಡಿಯೊ ತೆಗೆದ, ದನಿ ಸ್ಪಷ್ಟ. "ಮೇಲಿನ ಮೈಕ್ ಸರಿಯಿದೆ ಸಾರ್, ಕೆಳಗಿಂದೇ ತೊಂದರೆ." ಮಾಮೂಲಿ ಕರೆಗೆ ಮುಖ್ಯವಾಗಿ ಚಾರ್ಜಿಂಗ್ ಪೋರ್ಟ್ ಪಕ್ಕದ ಮೈಕ್, ವಿಡಿಯೊಗೆ ಎಷ್ಟೋ ಫೋನುಗಳಲ್ಲಿ ಮೇಲಿನದೂ ಸೇರುತ್ತದೆ.

ಚಾರ್ಜಿಂಗ್ ಬೋರ್ಡ್ ಬದಲಿಸಬೇಕು ಎಂದಿದ್ದರೆ ಒಪ್ಪಿಬಿಡುತ್ತಿದ್ದೆ. ಹಲವು ಫೋನುಗಳಲ್ಲಿ ಮೈಕ್ ಕೂತಿರುವುದೇ ಅದರ ಮೇಲೆ. ಆತ ಕವರ್ ಬಿಚ್ಚಿ ಮೈಕಿನ ರಂಧ್ರವನ್ನು ದೀಪಕ್ಕೆ ಹಿಡಿದ. ಜೇಬಿನ ನೂಲುಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸಿಮ್ ಪಿನ್ ಚಾಚಿದ ನನ್ನ ಕೈಯನ್ನು ಮೆಲ್ಲಗೆ ಸರಿಸಿದ; ಒಳಗಿನ ತೆಳು ಜಾಲರಿ ಹರಿದರೆ ಮೈಕೇ ಕೆಡಬಹುದು. ರಂಧ್ರವನ್ನು ನೆಲದತ್ತ ಹಿಡಿದು, ಒಣ ಮೆತ್ತನೆ ಬ್ರಷ್ಷಿನಿಂದ ಉಜ್ಜಿದ. ಬಾಯಿಂದ ಊದಲಿಲ್ಲ, ತೇವ ಒಳಗೆ ಹೋಗುತ್ತದಂತೆ. ಮತ್ತೆ ರೆಕಾರ್ಡ್ ಮಾಡಿದರೆ ದನಿ ಬಂತು! ಕವರಿನ ತೂತು ಮೈಕಿಗೆ ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನೂ ಬ್ಲೇಡಿನಲ್ಲಿ ಚೂರು ಅಗಲ ಮಾಡಿಕೊಟ್ಟ.

ದುಡ್ಡು ಚಾಚಿದೆ. "ಬ್ರಷ್ ಮಾಡಿದ್ದಕ್ಕೆಲ್ಲ ಏನ್ ಸಾರ್" ಎಂದು ಮುಂದಿನ ಗಿರಾಕಿಯತ್ತ ತಿರುಗಿದ.